ಹೆಸರಿಲ್ಲದ ಅರ್ಚನೆ

ಇಡ್ಲಿಯ ಮೊದಲ ತುತ್ತು ಬಾಯಿಗೆ ಹೋಗುವ ಮೊದಲೇ ಕುಮುದಾಳ ಮೊಬೈಲ್ ಗುಂಯ್ ಎಂದಿತು. ನೋಡಿದವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎಲ್ಲರಿಗೂ ಕೇಳುವಂತೆ ಓದಿದಳು: “ಪ್ರಿಯ ಕುಮುದಾ, ನಮ್ಮ ಕಂಪನಿಯ ಅನಾಮಧೇಯ ಸಮೀಕ್ಷೆಯಲ್ಲಿ ನೀವಿನ್ನೂ ಭಾಗವಹಿಸಿಲ್ಲ. ಇದು ಮೂರನೆಯ ನೆನಪೋಲೆ.”

ರಾಯರು ಕಾಫಿ ಲೋಟವನ್ನು ಕೆಳಗಿಟ್ಟರು. “ಮುಸುಕು ಹಾಕಿಕೊಂಡು ಬಾ ಎಂದು ಹೆಸರು ಹಿಡಿದು ಕೂಗಿದ ಹಾಗಾಯಿತು.”

ಪದ್ಮನಾಭನಿಗೆ ಚುರುಕ್ ಎಂದಿತು. ಅವನ ಕಂಪನಿ ಬೇರೆಯಾದರೂ ಅವನು ಸಮೀಕ್ಷೆ ಮಾಡಿಸುವವರ ಪಂಗಡ. “ಹಾಗಲ್ಲ ರಾಯರೇ. ಯಾರು ತುಂಬಿದರು, ಯಾರು ತುಂಬಲಿಲ್ಲ ಎಂಬುದಷ್ಟೇ ತಿಳಿಯುತ್ತದೆ. ಏನು ತುಂಬಿದರು ಎಂಬುದು ಹೊರಗಿನ ಸಂಸ್ಥೆಯ ಬಳಿ ಇರುತ್ತದೆ. ಹೆಸರು ಕೇಳುವುದೇ ಇಲ್ಲ.”

“ಮತ್ತೇನು ಕೇಳುತ್ತಾರೆ? ಓದಮ್ಮ.”

“ವಿಭಾಗ, ಊರು, ಗಂಡೋ ಹೆಣ್ಣೋ, ವಯಸ್ಸು, ಸೇವೆ ಎಷ್ಟು ವರ್ಷ, ಮೇಲಧಿಕಾರಿ ಯಾರು,” ಎಂದಳು ಕುಮುದಾ. “ನಮ್ಮ ವಿಭಾಗದಲ್ಲಿ 45 ದಾಟಿದ, 14 ವರ್ಷ ಸೇವೆಯಾದ ಹೆಂಗಸು ನಾನೊಬ್ಬಳೇ.”

“ಗೋತ್ರ ಆಯಿತು, ನಕ್ಷತ್ರ ಆಯಿತು, ರಾಶಿಯೂ ಆಯಿತು. ಇಷ್ಟು ಹೇಳಿದ ಮೇಲೆ ಅರ್ಚಕರಿಗೆ ಹೆಸರು ಬೇರೆ ಏಕೆ? ದೇವರಿಗೆ ಗೊತ್ತಾಗದೆ ಇರುತ್ತದೆಯೇ?”

“ಐದಕ್ಕಿಂತ ಕಡಿಮೆ ಜನ ತುಂಬಿದರೆ ಆ ತಂಡದ ವರದಿಯನ್ನೇ ತೋರಿಸುವುದಿಲ್ಲ. ನಿಯಮವಿದೆ,” ಎಂದ ಪದ್ಮನಾಭ.

“ನಮ್ಮ ತಂಡದಲ್ಲಿ ಹನ್ನೊಂದು ಜನರಿದ್ದೆವು. ಈಗ ಆರು.”

“ಹಾಗಾದರೆ ಇನ್ನಿಬ್ಬರನ್ನು ಕಳಿಸಿಬಿಟ್ಟರೆ ನಿನ್ನ ಗುಟ್ಟು ಪೂರ್ತಿ ಭದ್ರ ಕಣಮ್ಮ.”

ಇಷ್ಟು ಹೊತ್ತು ಚಟ್ನಿಯನ್ನೇ ನೋಡುತ್ತಿದ್ದ ಮಂಜು ತಲೆ ಎತ್ತಿದ. ಹೋದ ಐವರಲ್ಲಿ ಅವನೂ ಒಬ್ಬ. “ಒಮ್ಮೆ ನಾನು ನಿಜ ಬರೆದಿದ್ದೆ. ಕಾಫಿ ಯಂತ್ರ ಆರು ತಿಂಗಳಿಂದ ಬಿಸಿನೀರನ್ನೇ ಎರಡು ಬಣ್ಣದಲ್ಲಿ ಕೊಡುತ್ತಿದೆ, ರಾತ್ರಿ ಹತ್ತಕ್ಕೆ ಸಭೆ ಕರೆಯುತ್ತಾರೆ ಎಂದು. ಮುಂದಿನ ವಾರ ನಮ್ಮ ಮೇಲಧಿಕಾರಿ ಅದನ್ನು ಸಭೆಯಲ್ಲಿ ಓದಿದರು. ‘ಇದನ್ನು ಬರೆದವರು ಯಾರೆಂದು ನನಗೆ ಖಂಡಿತ ಗೊತ್ತಿಲ್ಲ’ ಎಂದರು. ಎನ್ನುವಾಗ ನನ್ನನ್ನೇ ನೋಡುತ್ತಿದ್ದರು.”

“ಹೇಗೆ ಗೊತ್ತಾಯಿತು?”

“ನಾನು ಪ್ರತಿ ವಾಕ್ಯಕ್ಕೂ ಮೂರು ಆಶ್ಚರ್ಯಸೂಚಕ ಹಾಕುತ್ತೇನೆ.”

“ಆಮೇಲೆ?”

“ಸಮಿತಿ ಮಾಡಿದರು. ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ನಾಲ್ಕು ತಿಂಗಳ ಮೇಲೆ ಗೋಡೆಯ ಮೇಲೆ ದೊಡ್ಡ ಫಲಕ ಬಂತು: ‘ನೀವು ಹೇಳಿದಿರಿ, ನಾವು ಕೇಳಿಸಿಕೊಂಡೆವು.’ ಕಾಫಿ ಯಂತ್ರವನ್ನು ಎಡಗಡೆಯ ಗೋಡೆಯಿಂದ ಬಲಗಡೆಯ ಗೋಡೆಗೆ ಸರಿಸಿದ್ದರು. ಕೆಲಸದ ಹೊರೆ ಹೆಚ್ಚಾಗಿದೆ ಎಂದದ್ದಕ್ಕೆ ಒತ್ತಡ ನಿವಾರಣೆಯ ಶಿಬಿರ. ಶನಿವಾರ ಬೆಳಿಗ್ಗೆ 8ಕ್ಕೆ, ಹಾಜರಾತಿ ಕಡ್ಡಾಯ.”

“ಪ್ರಸಾದ,” ಎಂದರು ರಾಯರು. “ಅರ್ಚನೆಯ ಮೇಲೆ ಅರ್ಧ ಬಾಳೆಹಣ್ಣಾದರೂ ಕೊಡಬೇಕಲ್ಲ.”

ಪದ್ಮನಾಭ ಸುಮ್ಮನಿರುವ ಆಸಾಮಿಯಲ್ಲ. ಎಂಬಿಎ ಓದುವಾಗ ಗಟ್ಟಿ ಮಾಡಿದ್ದನ್ನು ಬಿಚ್ಚಿದ. “ಇದು ಇವತ್ತಿನ ಆಟವಲ್ಲ. ಷಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1928ರಿಂದ ಮೂರು ವರ್ಷ ನೌಕರರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಮಾತಾಡಿಸಿದರು. 20,000ಕ್ಕೂ ಹೆಚ್ಚು ಜನರನ್ನು! ಏನೂ ಬದಲಾಯಿಸದಿದ್ದರೂ ಹೇಳಿಕೊಂಡ ಮಾತ್ರಕ್ಕೆ ಎಷ್ಟೋ ಜನರ ಮನಸ್ಸು ಹಗುರವಾಗಿತ್ತು.”

“ಅಲ್ಲಿ ಏನು ತಯಾರಿಸುತ್ತಿದ್ದರು?”

“ಟೆಲಿಫೋನ್.”

“ಅದಕ್ಕೇ. ಆ ಕಡೆ ಒಬ್ಬ ಕಿವಿ ಕೊಟ್ಟು ಕುಳಿತಿರಬೇಕು ಎಂದು ಅವರಿಗೆ ಗೊತ್ತಿತ್ತು. ನೀವು ಮಾಡುವುದು ತಂತ್ರಾಂಶ. ನಿಮಗೆ ಗುಂಡಿ ಒತ್ತಿದರೆ ಸಾಕು.” ರಾಯರು ಲೋಟವನ್ನು ಬಟ್ಟಲಿಗೆ ಸುರಿದು ಆರಿಸಿದರು. “ನಮ್ಮ ಕಾಲದಲ್ಲೂ ಸಮೀಕ್ಷೆ ಆಗಿತ್ತು ಕಣಯ್ಯ. 1980ರ ಡಿಸೆಂಬರಿನಲ್ಲಿ ಶುರುವಾಯಿತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳೆಲ್ಲ ಭಾಗವಹಿಸಿದ್ದವು. 77 ದಿನ ನಡೆಯಿತು. ಅನಾಮಧೇಯವಾಗಿ ಅಲ್ಲ, ಗೇಟಿನ ಮುಂದೆ, ಧ್ವನಿವರ್ಧಕ ಕಟ್ಟಿಕೊಂಡು.”

“ಅದು ಮುಷ್ಕರ ರಾಯರೇ!”

“ನೀವು ಒಂದರಿಂದ ಐದರೊಳಗೆ ಅಂಕ ಹಾಕಿ ಎನ್ನುತ್ತೀರಿ, ನಾವು ಬೇಕೇ ಬೇಕು ಎನ್ನುತ್ತಿದ್ದೆವು. ಅಷ್ಟೇ ವ್ಯತ್ಯಾಸ.”

“ಅದರಿಂದ ಏನು ಸಿಕ್ಕಿತು?”

ರಾಯರು ಸ್ವಲ್ಪ ಹೊತ್ತು ಬೀದಿಯ ಕಡೆ ನೋಡಿದರು. “ಅಂಗಡಿ ಶೆಟ್ಟರ ಸಾಲ ತೀರಿಸುವುದಕ್ಕೆ ಎರಡು ವರ್ಷ ಹಿಡಿಯಿತು. ಆದರೆ ಯಾರು ಏನು ಹೇಳಿದರು ಎಂದು ಎಲ್ಲರಿಗೂ ಗೊತ್ತಿತ್ತು. ಮಾರನೆಯ ದಿನ ಅದೇ ಕ್ಯಾಂಟೀನಿನಲ್ಲಿ ಅವರ ಎದುರಿಗೇ ಕುಳಿತು ಉಂಡೆವು.”

ಮಾತು ಕವಲೊಡೆಯಿತು. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ನಾರಾಯಣ ಮೂರ್ತಿಯವರು 2023ರಲ್ಲಿ ಹೇಳಿದ್ದು, 2025ರಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥರ 90 ಗಂಟೆಯ ಮಾತು ಸುದ್ದಿಯಾದದ್ದು, ಎಲ್ಲವೂ ಬಂತು. ಹರಾಜು ಕೂಗುವವರಿಗೆ ವಾರದಲ್ಲಿ ಇರುವುದೇ 168 ಗಂಟೆ ಎಂದು ಯಾರಾದರೂ ಮೊದಲೇ ತಿಳಿಸಿಬಿಡಬೇಕು ಎಂದರು ರಾಯರು. ಈ ನಡುವೆ ಒಂದು ವಡೆ ಹೆಚ್ಚಾಗಿ ಬಂತು. ಯಾರು ಹೇಳಿದ್ದು ಎಂದು ಗೊತ್ತಾಗಲಿಲ್ಲ. ಅದೊಂದು ನಿಜವಾದ ಅನಾಮಧೇಯ ವಡೆ.

“ಈಗ ಇದಕ್ಕೆ ಏನು ಹಾಕಲಿ?” ಕುಮುದಾ ಮತ್ತೆ ಮೊಬೈಲ್ ಎತ್ತಿಕೊಂಡಳು. “‘ನಮ್ಮ ಸಂಸ್ಥೆ ಒಂದು ಕುಟುಂಬದಂತಿದೆ.’ ಒಂದರಿಂದ ಐದು.”

“ನೆಟ್‌ಫ್ಲಿಕ್ಸ್‌ನವರು 2009ರಲ್ಲೇ ತಮ್ಮ ಸಂಸ್ಕೃತಿಯ ಬಗ್ಗೆ ಒಂದು ಕಡತ ಹೊರಗೆ ಬಿಟ್ಟರು,” ಎಂದ ಮಂಜು. “ನಾವು ಕುಟುಂಬವಲ್ಲ, ತಂಡ ಎಂದೇ ಬರೆದಿದ್ದಾರೆ. ಓದಿದಾಗ ಎಷ್ಟು ಕಟುಕರು ಎಂದುಕೊಂಡಿದ್ದೆ. ಈಗ ಅನಿಸುತ್ತದೆ, ಎದುರಿಗೇ ಹೇಳಿದರಲ್ಲ.”

“ಅವಿಭಕ್ತ ಕುಟುಂಬವೆಂದರೆ ಯಜಮಾನನೂ ಇರಬೇಕು, ಪಾಲೂ ಇರಬೇಕು,” ಎಂದರು ರಾಯರು. “ಇಲ್ಲಿ ಯಜಮಾನನೇನೋ ಇದ್ದಾನೆ. ಪಾಲು ಮಾತ್ರ ಎರಡು ತಿಂಗಳ ಸಂಬಳ. ಎರಡೂವರೆ ಹಾಕು.”

“ಎರಡೂವರೆ ಇಲ್ಲ.”

“ಹಾಗಾದರೆ ಅದು ನಿಜ ಹೇಳುವ ಪಟ್ಟಿಯಲ್ಲ ಬಿಡು.”

ಕುಮುದಾ ಬೆರಳಿನಿಂದ ಸರಸರ ಕೆಳಗೆ ಹೋದಳು. ಮೇಲಧಿಕಾರಿ ಗೌರವ ಕೊಡುತ್ತಾರೆ, ನಾಲ್ಕು. ನನ್ನಿಂದ ಏನನ್ನು ನಿರೀಕ್ಷಿಸುತ್ತಾರೆಂದು ನನಗೆ ಗೊತ್ತು, ನಾಲ್ಕು. ನಾಲ್ಕು, ನಾಲ್ಕು. ಐದು ಹಾಕಿದರೆ ನಂಬುವುದಿಲ್ಲ, ಮೂರು ಹಾಕಿದರೆ ಕರೆದು ಕೇಳುತ್ತಾರೆ. ಕೊನೆಗೆ ಒಂದು ಕಡೆ ಬೆರಳು ನಿಂತಿತು.

“‘ಕೆಲಸದ ಸ್ಥಳದಲ್ಲಿ ನನಗೊಬ್ಬ ಆಪ್ತ ಗೆಳೆಯನಿದ್ದಾನೆ.’”

“ಅದು ಗ್ಯಾಲಪ್ ಸಂಸ್ಥೆಯ ಪ್ರಸಿದ್ಧ 12 ಪ್ರಶ್ನೆಗಳಲ್ಲಿ ಒಂದು,” ಪದ್ಮನಾಭ ಹುರುಪಿನಿಂದ ಶುರುಮಾಡಿದ. “ಗೆಳೆಯರಿದ್ದರೆ ಜನ ಕೆಲಸ ಬಿಟ್ಟು...” ಎಂದವನು ಮಂಜುವಿನ ಮುಖ ನೋಡಿ ಸಾಂಬಾರಿಗೆ ಕೈ ಹಾಕಿದ.

ಹನ್ನೆರಡು ವರ್ಷ ಕುಮುದಾಳ ಪಕ್ಕದ ಮೇಜು ಮಂಜುವಿನದು. ಕಳೆದ ವರ್ಷ ಒಂದು ಬುಧವಾರ ಹದಿಮೂರು ನಿಮಿಷದ ಕರೆ ಬಂತು. ಕರೆ ಮುಗಿಯುವುದರೊಳಗೆ ಅವನ ಲ್ಯಾಪ್‌ಟಾಪ್ ಬೀಗ ಹಾಕಿಕೊಂಡಿತ್ತು. ಮೇಜಿನ ಮೇಲಿದ್ದ ತುಳಸಿ ಕುಂಡವನ್ನು ಅವಳೇ ಆಟೋದಲ್ಲಿ ತಂದುಕೊಟ್ಟಳು.

“ಐದು ಹಾಕು,” ಎಂದ ಮಂಜು. “ನಾನಿನ್ನೂ ಇದ್ದೇನಲ್ಲ.”

“ಕೆಲಸದ ಸ್ಥಳದಲ್ಲಿ ಎಂದಿದೆ ಕಣೋ.”

“ಬಿಟ್ಟುಬಿಡು ಹಾಗಾದರೆ.”

“ಕೆಂಪು ಚುಕ್ಕಿ ಇದೆ. ತುಂಬದೆ ಮುಂದಕ್ಕೆ ಹೋಗುವುದಿಲ್ಲ.”

ಇಂಥ ಕಡೆ ರಾಯರು ಏನಾದರೂ ಹೇಳುತ್ತಾರೆಂದು ನಾನು ಕಾದೆ. ಅವರು ಖಾಲಿ ಬಟ್ಟಲಿನಿಂದ ಇನ್ನೊಂದು ಗುಟುಕು ಕುಡಿದರು.

“ನನಗೂ ಮೂರು ಮೂರು ಸಲ ನೆನಪೋಲೆ ಬರುತ್ತಿತ್ತು,” ಎಂದ ಮಂಜು. “ಪ್ರತಿ ಸಲವೂ ಬೈದುಕೊಳ್ಳುತ್ತಿದ್ದೆ. ಈ ವರ್ಷ ಒಂದೂ ಬರಲಿಲ್ಲ.”

ಕುಮುದಾ ಏನೂ ಹೇಳದೆ ಮೊಬೈಲನ್ನು ಅವನ ಕಡೆ ತಳ್ಳಿದಳು. ಮಂಜು ಕೈಗೆ ಅಂಟಿದ ಚಟ್ನಿಯನ್ನು ಕರವಸ್ತ್ರಕ್ಕೆ ಒರೆಸಿ, ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿಕೊಂಡ.

“ಕಾಫಿ ಯಂತ್ರ ಈಗ ಯಾವ ಗೋಡೆಗಿದೆ?”

“ಮತ್ತೆ ಎಡಗಡೆಗೆ ಬಂದಿದೆ.”

ಅವನು ಟೈಪು ಮಾಡತೊಡಗಿದ. ಪದ್ಮನಾಭ ಅವನ ಭುಜದ ಮೇಲಿಂದ ಇಣುಕಿ ನೋಡಿ ಗಾಬರಿಯಾದ. “ಆ ಮೂರು ಆಶ್ಚರ್ಯಸೂಚಕ ಬೇಡ ಮಾರಾಯ, ಯಾರೆಂದು ಗೊತ್ತಾಗಿಬಿಡುತ್ತದೆ!”

“ಹಾಕಲಿ ಬಿಡಯ್ಯ,” ಎಂದರು ರಾಯರು. “ಈ ಮೇಜಿನಲ್ಲಿ ಅನಾಮಧೇಯನೆಂದರೆ ಅವನೊಬ್ಬನೇ.”

ಮಂಜು ನಾಲ್ಕು ಹಾಕಿದ.