ಸ್ಕಾಟಿಷ್ ಸೆಟ್‌ಗೆ ಪಿಟೀಲು, ಅಕಾರ್ಡಿಯನ್ ತಯಾರಿ ಹೇಗೆ?

ಪ್ರಶ್ನೆ (ತೀರ್ಥಹಳ್ಳಿ): ಸ್ಕಾಟ್ಲೆಂಡಿನ ಸ್ಪರ್ಧೆಗಳ ಥರ ಮಾರ್ಚ್ (ನಡಿಗೆಯ ಧಾಟಿ), ಸ್ಟ್ರಾತ್‌ಸ್ಪೇ (ಕುಲುಕು ಲಯದ ಕುಣಿತದ ಧಾಟಿ), ರೀಲ್ (ವೇಗದ ಕುಣಿತದ ಧಾಟಿ) ಮೂರನ್ನೂ ಒಂದೇ ಓಟದಲ್ಲಿ ನುಡಿಸಬೇಕು. ಪಿಟೀಲು ಸ-ಪ-ಸ-ಪ ಶ್ರುತಿಯಲ್ಲಿದೆ. ಮಳೆ ಹಿಡಿದಾಗಿನಿಂದ ಅಕಾರ್ಡಿಯನ್ನಿನ ಒಂದು ಸ್ವರ ಏಳ್ತಾನೇ ಇಲ್ಲ.

ಸಾಗರ: ಪಿಟೀಲನ್ನ ಪಾಶ್ಚಾತ್ಯ ಶ್ರುತಿ ಜಿ-ಡಿ-ಎ-ಇಗೆ ಏರಿಸಿ, ಎ ತಂತಿ 440 ಹರ್ಟ್ಸ್. ಒಂದೇ ಸಲ ತಿರುಪಿದ್ರೆ ಮೊದಲ ತಂತಿ ಪಟ್ ಅನ್ನತ್ತೆ. ಬಿಗಿಯಾದಂತೆ ಕುದುರೆ (ತಂತಿ ಹೊರೋ ಮರದ ತುಂಡು) ಬೆರಳುಪಟ್ಟಿ ಕಡೆ ವಾಲತ್ತೆ, ಆಗಾಗ ನೆಟ್ಟಗೆ ಮಾಡಿ. ಸ್ಟ್ರಾತ್‌ಸ್ಪೇಯ ಜೀವ ‘ಸ್ನ್ಯಾಪ್’ನಲ್ಲಿದೆ: ಬಡಿತವನ್ನ ನಾಲ್ಕು ಪಾಲು ಮಾಡಿ, ಮೊದಲ ಸ್ವರಕ್ಕೆ 1, ಎರಡನೆಯದಕ್ಕೆ 3. ಗಮಕ ಬೇಡ ಮಾರಾಯ್ರೆ! ರೀಲ್‌ನಲ್ಲಿ ಸ್ವರಗಳು ಹೆಚ್ಚುಕಮ್ಮಿ ಸಮ.

ಶಿವಮೊಗ್ಗ: ಅಕಾರ್ಡಿಯನ್ನಿನ ಆ ಸ್ವರವನ್ನ ಬೆಲ್ಲೋಸ್ (ಗಾಳಿತಿದಿ) ಎಳೆದೂ ಒತ್ತಿಯೂ ನೋಡಿ. ಹೇರ್‌ಡ್ರೈಯರ್ ಹಿಡಿದೀರಾ, ಜೋಕೆ, ರೀಡ್ (ಸ್ವರ ಹೊರಡಿಸೋ ಲೋಹದ ನಾಲಿಗೆ) ಕೂರಿಸಿದ ಮೇಣ ಕರಗತ್ತೆ. ಬಚ್ಚಲೊಲೆ ಹತ್ತಿರವೂ ಬೇಡ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಸಾಕು.

ತೀರ್ಥಹಳ್ಳಿ: ಎಳೆದಾಗ ಮಾತ್ರ ಮೂಕ.

ಶಿವಮೊಗ್ಗ: ಹಾಗಾದ್ರೆ ತೊಂದರೆ ಇರೋದು ಬ್ಲಾಕಿನ (ರೀಡ್‌ಗಳನ್ನ ಕೂರಿಸೋ ಮರದ ಚೌಕಟ್ಟು) ಒಳಮುಖದ ರೀಡ್‌ನಲ್ಲಿ. ಹೊರಗಿನ ಚರ್ಮದ ಪಟ್ಟಿ ಮೆಲ್ಲಗೆ ಎತ್ತಿ, ತೆಳು ಕಾಗದ ಸೀಳಿನಲ್ಲಿ ಆಡಿಸಿ, ಧೂಳಾದ್ರೆ ಬಿಡತ್ತೆ. ತುಕ್ಕಾದ್ರೆ ಎಣ್ಣೆ ಹಾಕ್ಬೇಡಿ, ಮೇಣ ಬಿಡಿಸೋ ಕೆಲಸ ರಿಪೇರಿಯವರದ್ದು.