ಹಿತ್ತಲಲ್ಲಿ ನೀರು ನಿಲ್ತದೆ, ಬರೆಯ ಬುಡದಿಂದಲೂ ಒಸರ್ತದೆ, ಎಂತ ಮಾಡುವುದು?

ಪುತ್ತೂರಿನವ:
ನಮಸ್ಕಾರ. ನಮ್ಮ ಮನೆ ಪುತ್ತೂರು ಹತ್ರ, ಗುಡ್ಡೆ ಕಡಿದು ಸಮತಟ್ಟು ಮಾಡಿ ಕಟ್ಟಿದ್ದು. ಹಿಂದೆ ಹತ್ತು ಹನ್ನೆರಡು ಅಡಿ ಎತ್ತರದ ಬರೆ (ಗುಡ್ಡೆ ಕಡಿದಲ್ಲಿ ಉಳಿದ ಮಣ್ಣಿನ ಗೋಡೆ) ಉಂಟು, ಬರೆಗೂ ಅಡಿಗೆಕೋಣೆ ಗೋಡೆಗೂ ನಡುವೆ ಎಂಟು ಅಡಿ ಜಾಗ, ಅದಕ್ಕೆ ಇಂಟರ್‌ಲಾಕ್ ಹಾಕಿಸಿದ್ದೇವೆ. ಜೋರು ಮಳೆ ಬಂದ್ರೆ ಅಲ್ಲಿ ಪಾದ ಮುಳುಗುವಷ್ಟು ನೀರು, ಮೊನ್ನೆ ಹೊಸ್ತಿಲು ದಾಟಿ ಒಳಗೂ ಬಂತು. ಮಳೆ ಬಿಟ್ಟು ಬಿಸಿಲು ಬಂದ್ರೂ ಬರೆಯ ಬುಡದಲ್ಲಿ ಒಸರು ನಿಲ್ಲುದಿಲ್ಲ. ಪರಿಚಯದವರೊಬ್ರು ಅಲ್ಲೇ ಒಂದು ದೊಡ್ಡ ಇಂಗುಗುಂಡಿ ತೆಗೆಸಿ ಬಿಡಿ, ನೀರೂ ಹೋಗ್ತದೆ ಬಾವಿಗೂ ಒಳ್ಳೇದು ಅಂತಿದ್ದಾರೆ. ತೆಗೆಸ್ಲಾ?

ತೀರ್ಥಹಳ್ಳಿ ತೋಟ:
ಗುಂಡಿ ಆಮೇಲೆ ನೋಡಣ, ಮೊದ್ಲು ನೀರು ಎಲ್ಲಿಂದ ಬರ್ತಿದೆ ಅಂತ ನೋಡಿ ಮಾರಾಯ್ರೆ. ಜೋರು ಮಳೆ ಹೊಡೀವಾಗ ಕೊಡೆ ಹಿಡ್ಕೊಂಡು ಹಿತ್ತಲಲ್ಲಿ ಹತ್ತು ನಿಮಿಷ ನಿಂತ್ರೆ ಗೊತ್ತಾಗತ್ತೆ. ತಾರಸಿ ಪೈಪು ಎಲ್ಲಿಗೆ ಬಿಟ್ಟಿದೀರಿ? ಸಾವಿರ ಚದರಡಿ ತಾರಸಿಗೆ 100 ಮಿಲಿಮೀಟರ್ ಮಳೆ ಬಿದ್ರೆ 9,000 ಲೀಟರ್ ಮೇಲೆ ನೀರಾಗತ್ತೆ, ನಿಮ್ಮ ಕಡೆ ಜುಲೈನಲ್ಲಿ ಒಂದು ದಿನಕ್ಕೆ ಅಷ್ಟು ಬೀಳೋದು ಏನೂ ದೊಡ್ಡ ವಿಷಯ ಅಲ್ಲ. ಅಷ್ಟನ್ನೂ ಹಿತ್ತಲಿಗೇ ಸುರಿಸಿ ಧರೆ (ನೀವು ಬರೆ ಅನ್ನೋದು) ಮೇಲೆ ಗೂಬೆ ಕೂರಿಸ್ತಾ ಇದೀರೇನೋ ನೋಡಿ. ಇನ್ನೊಂದು, ಇಂಟರ್‌ಲಾಕ್ ಇಳಿಜಾರು ಮನೆ ಕಡೆಗಿದ್ಯಾ ಹೊರಗಡೆಗಿದ್ಯಾ? ಒಂದು ಕೊಡ ನೀರು ಚೆಲ್ಲಿದ್ರೆ ಅದೇ ಹೇಳತ್ತೆ.

ಸೈಟ್ ಮೇಸ್ತ್ರಿ:
ಬರೆಯ ಬುಡದಲ್ಲಾಗಲೀ ಮೇಲಾಗಲೀ ಇಂಗುಗುಂಡಿ ಬೇಡವೇ ಬೇಡ. ನಮ್ಮ ಕರಾವಳಿಯ ಗುಡ್ಡೆಗಳಲ್ಲಿ ಮೇಲೆ ಮುರಕಲ್ಲು (ತೂತು ತೂತಿನ ಕೆಂಪು ಕಲ್ಲು), ಅದರ ಅಡಿಯಲ್ಲಿ ಶೇಡಿ ಮಣ್ಣು, ಅಂದ್ರೆ ನುಣ್ಣನೆ ಜೇಡಿಯಂಥ ಮಣ್ಣು. ಮುರಕಲ್ಲಿನ ತೂತುಗಳಲ್ಲಿ ನೀರು ಸಲೀಸಾಗಿ ಇಳೀತದೆ, ಶೇಡಿ ಸಿಕ್ಕಿದಲ್ಲಿ ಕೆಳಗೆ ಹೋಗ್ಲಿಕ್ಕಾಗದೆ ಅಡ್ಡಕ್ಕೆ ಹರಿದು ಬರೆ ಕಡಿದಲ್ಲಿ ಹೊರಗೆ ಬರ್ತದೆ, ನಿಮ್ಮ ಒಸರು ಹೆಚ್ಚಿನಂಶ ಅದೇ. ಶೇಡಿ ಒಣಗಿದ್ರೆ ಪಿಕ್ಕಾಸಿಗೂ ಬಗ್ಗುದಿಲ್ಲ, ನೀರು ಕುಡಿದ್ರೆ ಬೆಣ್ಣೆ. ಅದಕ್ಕೆ ಇನ್ನೂ ನೀರು ಕುಡಿಸಿದ್ರೆ ಬರೆಯೇ ಕೆಳಗೆ ಬರ್ತದೆ. ಬಾವಿಗೆ ನೀರು ಇಂಗಿಸ್ಬೇಕಾದ್ರೆ ಮನೆ ಮುಂದೆ, ಬರೆಯಿಂದ ದೂರ ಸಪಾಟು ಜಾಗ ಇದ್ರೆ ಅಲ್ಲಿ ಮಾಡಿ.

ಈಗ ಮಾಡ್ಬಹುದಾದ್ದು ಎರಡೇ. ತಾರಸಿ ನೀರಿಗೆ ಬೇರೆಯೇ ಪೈಪು ಹಾಕಿ ಮನೆ ಮುಂದಿನ ತೋಡಿಗೆ ಬಿಡಿ. ಮತ್ತೆ ಬರೆಯ ಮೇಲೆ, ಅಂಚಿನಿಂದ ಐದಾರು ಅಡಿ ಹಿಂದೆ ಒಂದು ಕಣಿ (ಚರಂಡಿ) ಕಡಿದು ಗುಡ್ಡೆಯಿಂದ ಇಳಿಯುವ ನೀರನ್ನು ಬದಿಗೆ ತಿರುಗಿಸಿ, ಮಣ್ಣಿನ ಕಣಿ ಹಾಗೇ ಬಿಟ್ರೆ ಅದೇ ಒಳಗೆ ನೀರು ಇಳಿಸ್ತದೆ, ಸಿಮೆಂಟ್ ಮಾಡಿ, ಆಗದಿದ್ರೆ ಸದ್ಯಕ್ಕೆ ದಪ್ಪ ಪ್ಲಾಸ್ಟಿಕ್ ಶೀಟಾದರೂ ಹಾಸಿ. ಬುಡ ಮಾತ್ರ ಮಳೆಗಾಲದಲ್ಲಿ ಅಗೆಯಬೇಡಿ, ಬುಡ ಸಡಿಲಾದ್ರೆ ಮೇಲಿನದ್ದು ನಿಲ್ಲುದಿಲ್ಲ.

ದೀಪಾವಳಿ ಕಳೆದು ಮಣ್ಣು ಒಣಗಿದ ಮೇಲೆ ಒಸರಿಗೆ ಬೇರೆ ಕಣಿ. ಬರೆಗೆ ತಾಗಿಸದೆ ಸ್ವಲ್ಪ ಈಚೆ, ಒಂದು ಅಡಿ ಅಗಲ, ಎರಡು ಅಡಿ ಆಳ, ತುಂಡು ತುಂಡಾಗಿ ಅಗೆದು ಅಗೆದಷ್ಟನ್ನು ಅವತ್ತೇ ತುಂಬಿಸಿ. ಕಣಿಯ ಒಳಗೆ ಪೂರ್ತಿ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸಿ, ಮೇಲೆ 20 ಎಂಎಂ ಜಲ್ಲಿ, ನಡುವೆ ತೂತು ಹೊಡೆದ ನಾಲ್ಕಿಂಚಿನ ಪಿವಿಸಿ ಪೈಪು, ತೂತು ಕೆಳಮುಖ, ಕೊನೆಗೆ ಬಟ್ಟೆ ಮಡಚಿ ಮುಚ್ಚಿ. ಬಟ್ಟೆಯನ್ನು ಬರೀ ಪೈಪಿಗೆ ಸುತ್ತಿದ್ರೆ ಶೇಡಿಯ ನುಣ್ಣನೆ ಮಣ್ಣು ಕಟ್ಟಿಕೊಂಡು ಬೇಗ ಬಂದಾಗ್ತದೆ. ನೂರಡಿಗೆ ಒಂದಡಿ ಇಳಿಜಾರು ಸಾಕು, ಕಣ್ಣಳತೆ ನಂಬಬೇಡಿ, ನೀರು ತುಂಬಿದ ಟ್ಯೂಬ್ ಲೆವೆಲ್ ಹಿಡಿಸಿ.

ಆಟಿಮಳೆ:
ಪೈಪು ಗೀಪು ಎಂತಕ್ಕೆ ಮೇಸ್ತ್ರಿಗಳೇ, ನೆಲದಡಿ ಹಾಕಿದ್ದು ಬಂದಾದ್ರೆ ಯಾರಿಗೆ ಗೊತ್ತಾಗ್ತದೆ? ನಮ್ಮಲ್ಲಿ ಬ್ರಹ್ಮಾವರದಲ್ಲಿ ಮನೆ ಸುತ್ತ ತೆರೆದ ಕಣಿಯೇ ಇರುದು, ನಡೆದಾಡುವಲ್ಲಿ ಮಾತ್ರ ಎತ್ತಲಿಕ್ಕಾಗುವ ಚಪ್ಪಡಿ. ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ದಿನ) ಒಳಗೆ ಒಂದ್ಸಲ ಹೂಳು, ತರಗೆಲೆ ತೆಗೆದ್ರೆ ಮಳೆಗಾಲ ಮುಗೀತು.

ಸೈಟ್ ಮೇಸ್ತ್ರಿ:
ನೆಲದ ಮೇಲೆ ಹರಿಯುವ ನೀರಿಗೆ ತೆರೆದ ಕಣಿಯೇ ಸರಿ, ಅದರಲ್ಲಿ ನಿಮ್ಮ ಮಾತಿಗೆ ನನ್ನ ಓಟು. ಆದ್ರೆ ಸಿಮೆಂಟ್ ಕಣಿಯ ಅಡಿಯಿಂದ ಬರುವ ಒಸರು ಅದಕ್ಕೆ ಸಿಕ್ಕುದಿಲ್ಲ, ಇಂಟರ್‌ಲಾಕ್ ಅಡಿಯಲ್ಲೇ ಹೋಗಿ ಮನೆಯ ಪಂಚಾಂಗಕ್ಕೆ (ಅಡಿಪಾಯಕ್ಕೆ) ತಾಗ್ತದೆ. ಇವರಿಗೆ ಎರಡೂ ಬೇಕು. ತಾರಸಿ ನೀರನ್ನು ಮಾತ್ರ ಆ ತೂತಿನ ಪೈಪಿಗೆ ಸೇರಿಸ್ಬಾರ್ದು, ಒಳಗಿಂದ ಹೊರಗೆ ಉಕ್ಕಿ ಮಣ್ಣಿಗೇ ಹೋಗ್ತದೆ.

ಪುತ್ತೂರಿನವ:
ತುಂಬಾ ಉಪಕಾರ. ನೋಡಿದೆ, ತಾರಸಿಯ ಎರಡು ಪೈಪೂ ಹಿತ್ತಲಿಗೇ ಬಿಟ್ಟದ್ದು, ಇಂಟರ್‌ಲಾಕ್ ಇಳಿಜಾರು ಸರೀ ಮನೆ ಕಡೆಗೇ ಉಂಟು. ಬರೆಯ ಮೇಲೆ ಪಕ್ಕದವರ ಗೇರು ತೋಟ, ಅವರು ಮರಗಳ ನಡುವೆ ಉದ್ದಕ್ಕೆ ಇಂಗುಗುಂಡಿ ತೆಗೆಸಿದ್ದಾರೆ, ನಮ್ಮ ಬರೆಯಿಂದ ಹತ್ತು ಹದಿನೈದು ಅಡಿ ಅಷ್ಟೇ. ಅವರಿಗೆ ಹೇಗೆ ಹೇಳುದು? ಮತ್ತೆ ಬರೆಗೆ ಲಾವಂಚ ನೆಟ್ರೆ ಆಗ್ತದಾ?

ತೀರ್ಥಹಳ್ಳಿ ತೋಟ:
ಜಗಳಕ್ಕೆ ಹೋಗ್ಬೇಡಿ, ಕರ್ಕೊಂಡು ಬಂದು ಒಸರು ತೋರ್ಸಿ. ಧರೆ ಜರಿದ್ರೆ ಅವರ ಗೇರು ಮರಾನೂ ನಿಮ್ಮ ಅಡಿಗೆಮನೆಗೇ ಬರೋದು. ಅಂಚಿನ ಹತ್ರದ ಗುಂಡಿ ಮುಚ್ಚಿ ದೂರದ್ದನ್ನ ಇಟ್ಕೊಳ್ಳಿ ಅಂದ್ರೆ ಯಾರೂ ಬೇಡ ಅನ್ನಲ್ಲ. ಲಾವಂಚ ಒಳ್ಳೇದೇ, ಬೇರು ಆಳಕ್ಕೆ ಹೋಗಿ ಮೇಲ್ಮಣ್ಣು ಹಿಡ್ಕೊಳತ್ತೆ. ಆದ್ರೆ ಒಳಗಡೆ ನೀರು ಕಟ್ಟಿ ಜರಿಯೋದನ್ನ ಹುಲ್ಲು ತಡೆಯಲ್ಲ.

ಸೈಟ್ ಮೇಸ್ತ್ರಿ:
ಅಲ್ಲಿಯವರೆಗೆ ದಿನಾ ಒಂದ್ಸಲ ಬರೆಯ ಮೇಲೆ ಹೋಗಿ ನೋಡಿ. ಅಂಚಿಗೆ ಸಮಾನಾಂತರವಾಗಿ ಬಿರುಕು ಬಿಟ್ಟಿದ್ರೆ, ಮರ ವಾಲಿದ್ರೆ, ತಿಳಿಯಾಗಿದ್ದ ಒಸರು ಒಮ್ಮೆಲೇ ಕೆಸರಾದ್ರೆ ಅಥವಾ ಇದ್ದಕ್ಕಿದ್ದ ಹಾಗೆ ನಿಂತ್ರೆ ತಡ ಮಾಡದೆ ಮನೆ ಬಿಟ್ಟು ಪಂಚಾಯತಿಗೆ ತಿಳಿಸಿ. ಬಿರುಕು ಕಂಡದ್ದಕ್ಕೆ ಟಾರ್ಪಾಲು ಹೊದೆಸಿ ಸುಮ್ಮನೆ ಕೂತ್ಕೊಳ್ಳಬೇಡಿ. ಜೋರು ಮಳೆಯ ರಾತ್ರಿ ಹಿಂದಿನ ಕೋಣೆಯಲ್ಲಿ ಮಲಗುದೂ ಬೇಡ.

ಪುತ್ತೂರಿನವ:
ಸದ್ಯ ಬಿರುಕು ಏನೂ ಕಾಣುದಿಲ್ಲ, ಒಸರು ತಿಳಿಯೇ ಉಂಟು. ನಾಳೆ ಪ್ಲಂಬರ್ ಬರ್ತಾನೆ, ತಾರಸಿಗೆ ನಾಲ್ಕಿಂಚಿನ ಪೈಪು ಸಾಕಾ ಆರಿಂಚು ಬೇಕಾ?

ಸೈಟ್ ಮೇಸ್ತ್ರಿ:
ಇಳಿಯುವಲ್ಲಿ ನಾಲ್ಕು ಸಾಕು, ಎರಡೂ ಸೇರಿ ನೆಲದಲ್ಲಿ ಹೋಗುವುದಕ್ಕೆ ಆರು ಹಾಕಿ. ತಿರುವು ಇರುವಲ್ಲೆಲ್ಲ ಒಂದೊಂದು ಚೇಂಬರ್ ಇರ್ಲಿ, ಎಲೆ ತೆಗೀಲಿಕ್ಕೆ.