ಪ್ರೊಜೆಕ್ಟೈಲ್ ಲೆಕ್ಕ: ನನಗೆ ಬಂದದ್ದು 34.6 ಮೀಟರ್, ಉತ್ತರಪಟ್ಟಿಯಲ್ಲಿ 52. ತಪ್ಪಿದ್ದೆಲ್ಲಿ?

ಪ್ರಶ್ನೆ: ಪ್ರಥಮ ಪಿಯುಸಿ ವಿದ್ಯಾರ್ಥಿ, ವಿಜಯನಗರ

ಎಲ್ಲರಿಗೂ ನಮಸ್ಕಾರ. ಟ್ಯೂಷನ್‌ನಲ್ಲಿ ಕೊಟ್ಟ ಲೆಕ್ಕವಿದು. 15 ಮೀಟರ್ ಎತ್ತರದ ಕಟ್ಟಡದ ತಾರಸಿಯ ಅಂಚಿನಿಂದ ಚೆಂಡೊಂದನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, ಕ್ಷಿತಿಜಕ್ಕೆ 30 ಡಿಗ್ರಿ ಕೋನದಲ್ಲಿ ಮೇಲ್ಮುಖವಾಗಿ ಎಸೆಯಲಾಗಿದೆ. ಕಟ್ಟಡದ ಬುಡದಿಂದ ಎಷ್ಟು ದೂರದಲ್ಲಿ ಅದು ನೆಲ ಮುಟ್ಟುತ್ತದೆ? ಗುರುತ್ವ ವೇಗೋತ್ಕರ್ಷ 10 ಎಂದು ತೆಗೆದುಕೊಳ್ಳಬೇಕು.

ನಾನು ವ್ಯಾಪ್ತಿಯ ಸೂತ್ರ ಹಾಕಿದೆ. ವೇಗದ ವರ್ಗ 400, ಅದನ್ನು ಸೈನ್ 60ರಿಂದ, ಅಂದರೆ 0.866ರಿಂದ ಗುಣಿಸಿ 10ರಿಂದ ಭಾಗಿಸಿದರೆ 34.6 ಮೀಟರ್. ಉತ್ತರಪಟ್ಟಿಯಲ್ಲಿ 52 ಎಂದಿದೆ. ಎತ್ತರದ 15ನ್ನು ಕೂಡಿಸಿ ನೋಡಿದರೆ 49.6 ಆಗುತ್ತದೆ, ಅದೂ ಹೊಂದುವುದಿಲ್ಲ. ಪಟ್ಟಿಯೇ ತಪ್ಪಿರಬಹುದೇ?

ಉತ್ತರ: ಭೌತಶಾಸ್ತ್ರ ಉಪನ್ಯಾಸಕಿ, ಬಸವನಗುಡಿ

ಪಟ್ಟಿ ಸರಿಯಾಗಿದೆ, ನಿಮ್ಮ ಗುಣಾಕಾರವೂ ಸರಿಯಾಗಿದೆ. ಆದರೆ ಆ ಸೂತ್ರಕ್ಕೆ ಇಲ್ಲಿ ಕೆಲಸವಿಲ್ಲ. ಎಸೆದ ಮಟ್ಟಕ್ಕೇ ಚೆಂಡು ಮರಳಿ ಬರುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದ ಸೂತ್ರ ಅದು. 34.6 ಮೀಟರ್ ದೂರದಲ್ಲಿ ನಿಮ್ಮ ಚೆಂಡು ತಾರಸಿಯ ಮಟ್ಟಕ್ಕೆ ಇಳಿದಿರುತ್ತದೆ, ಅಷ್ಟೇ. ನೆಲ ಇನ್ನೂ 15 ಮೀಟರ್ ಕೆಳಗಿದೆ. ಎತ್ತರವನ್ನು ದೂರಕ್ಕೆ ಕೂಡಿಸುವುದಂತೂ ಬೇಡವೇ ಬೇಡ. ಒಂದು ಲಂಬ ದಿಕ್ಕಿನದು, ಇನ್ನೊಂದು ಅಡ್ಡ ದಿಕ್ಕಿನದು.

ಸೂತ್ರಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು ಓದುವ ಪದ್ಧತಿಯ ಮೇಲೆ ನನಗೆ ಮೊದಲಿನಿಂದಲೂ ತಕರಾರಿದೆ. ಸೂತ್ರ ನೆನಪಿರುತ್ತದೆ, ಅದರ ಷರತ್ತು ಮರೆತುಹೋಗುತ್ತದೆ. ಈ ಅಧ್ಯಾಯಕ್ಕೆ ಬೇಕಾದದ್ದು ಎರಡೇ ಮಾತು: ಅಡ್ಡ ದಿಕ್ಕಿನಲ್ಲಿ ವೇಗ ಬದಲಾಗುವುದಿಲ್ಲ, ಲಂಬ ದಿಕ್ಕಿನಲ್ಲಿ ಗುರುತ್ವ ಸದಾ ಕೆಳಕ್ಕೆಳೆಯುತ್ತಿರುತ್ತದೆ. ಎರಡಕ್ಕೂ ಸಾಮಾನ್ಯವಾದದ್ದು ಕಾಲ ಮಾತ್ರ.

ಚಿತ್ರ ಬರೆಯಿರಿ. ತಾರಸಿಯ ಅಂಚನ್ನು ಮೂಲಬಿಂದುವಾಗಿ ಇಟ್ಟುಕೊಳ್ಳಿ. ಮೇಲಕ್ಕೆ ಧನ, ಕೆಳಕ್ಕೆ ಋಣ ಎಂದು ಹಾಳೆಯ ಮೂಲೆಯಲ್ಲಿ ಬಾಣದ ಗುರುತು ಹಾಕಿಬಿಡಿ, ಲೆಕ್ಕ ಮುಗಿಯುವವರೆಗೂ ಅದನ್ನು ಬದಲಿಸಬೇಡಿ. ವೇಗದ ಅಡ್ಡ ಘಟಕ 20 × ಕೊಸೈನ್ 30 = 17.3. ಲಂಬ ಘಟಕ 20 × ಸೈನ್ 30 = 10. ನೆಲ ಮೂಲಬಿಂದುವಿನ ಕೆಳಗಿರುವುದರಿಂದ ಲಂಬ ಸ್ಥಾನಪಲ್ಲಟ −15. ಕಾಲವನ್ನು ಟಿ ಎಂದು ಕರೆದರೆ:

−15 = 10ಟಿ − 5ಟಿ²

ಐದರಿಂದ ಭಾಗಿಸಿ ಹೊಂದಿಸಿದರೆ ಟಿ² − 2ಟಿ − 3 = 0. ಅಪವರ್ತಿಸಿದರೆ ಟಿ = 3 ಅಥವಾ −1. ಮೂರು ಸೆಕೆಂಡನ್ನು 17.3ರಿಂದ ಗುಣಿಸಿ, 52 ಮೀಟರ್ ಸಿಗುತ್ತದೆ.

ಮರುಪ್ರಶ್ನೆ: ಅದೇ ವಿದ್ಯಾರ್ಥಿ

ತುಂಬಾ ಧನ್ಯವಾದ ಮೇಡಂ. ಎರಡು ಸಂದೇಹ ಉಳಿದಿವೆ. ಅಷ್ಟು ವೇಗವಾಗಿ ಅಡ್ಡಕ್ಕೆ ಹೋಗುತ್ತಿರುವ ಚೆಂಡು ಬೀಳುವುದು ತಡವಾಗುವುದಿಲ್ಲವೇ? ಮತ್ತು −1 ಸೆಕೆಂಡನ್ನು ಸುಮ್ಮನೆ ಹೊಡೆದುಹಾಕಿದರೆ ಸಾಕೇ?

ಉತ್ತರ: ಉಪನ್ಯಾಸಕಿ

ಮೊದಲನೆಯದಕ್ಕೆ ಮಾತಿಗಿಂತ ಪ್ರಯೋಗ ಲೇಸು. ಮೇಜಿನ ಅಂಚಿನಲ್ಲಿ ಎರಡು ರೂಪಾಯಿ ನಾಣ್ಯಗಳನ್ನಿಡಿ. ಒಂದನ್ನು ಬೆರಳಿನಿಂದ ಜೋರಾಗಿ ಅಡ್ಡಕ್ಕೆ ಚಿಮ್ಮಿಸಿ, ಅದೇ ಕ್ಷಣದಲ್ಲಿ ಇನ್ನೊಂದನ್ನು ಅಂಚಿನಿಂದ ನೇರ ಕೆಳಕ್ಕೆ ಬೀಳಿಸಿ. ಕಣ್ಣು ಮುಚ್ಚಿ ಸದ್ದು ಕೇಳಿ. ಕೈ ಸ್ವಲ್ಪ ಪಳಗಿದ ಮೇಲೆ ಎರಡೂ ಒಟ್ಟಿಗೇ ಟಣ್ ಎನ್ನುತ್ತವೆ. ಮೇಜು 80 ಸೆಂಟಿಮೀಟರ್ ಎತ್ತರವಿದ್ದರೆ ಎರಡಕ್ಕೂ ಹಿಡಿಯುವುದು 0.4 ಸೆಕೆಂಡ್. ಅಡ್ಡ ಚಲನೆಯನ್ನೂ ಲಂಬ ಚಲನೆಯನ್ನೂ ಹೀಗೆ ಬಿಡಿಸಿ ನೋಡಿದ ಗೆಲಿಲಿಯೋ, ದಾರಿ ಪರವಲಯವಾಗುತ್ತದೆ ಎಂಬುದನ್ನು 1638ರಲ್ಲಿ ಪ್ರಕಟಿಸಿದ.

−1ರ ವಿಷಯ. ಪರೀಕ್ಷೆಯಲ್ಲಿ ಹೊಡೆದುಹಾಕಿ, ಆದರೆ ಅರ್ಥ ತಿಳಿದು ಹೊಡೆದುಹಾಕಿ. ತಾರಸಿಯೆಂಬುದೇ ಇರದೆ, ಚೆಂಡು ಅದೇ ಪರವಲಯದ ಮೇಲೆ ನೆಲದಿಂದಲೇ ಹೊರಟು ಬಂದಿದ್ದರೆ, ನಿಮ್ಮ ಗಡಿಯಾರ ಶುರುವಾಗುವ ಒಂದು ಸೆಕೆಂಡ್ ಮುಂಚೆ ಅದು ನೆಲದಲ್ಲಿರುತ್ತಿತ್ತು. ಸಮೀಕರಣಕ್ಕೆ ಕಟ್ಟಡದ ಸುದ್ದಿ ಗೊತ್ತಿಲ್ಲ.

ಇದರಲ್ಲಿ ಇನ್ನೊಂದು ಚಂದವಿದೆ. ನೀವು ತೆಗೆದ 34.6 ಮೀಟರ್ ಎರಡನೆಯ ಸೆಕೆಂಡಿನ ಕೊನೆಯದು. ಆಗ ಚೆಂಡು ತಾರಸಿಯ ಮಟ್ಟದಲ್ಲಿ, ಅದೇ 20ರ ವೇಗದಲ್ಲಿ, ಕ್ಷಿತಿಜಕ್ಕಿಂತ 30 ಡಿಗ್ರಿ ಕೆಳಮುಖವಾಗಿ ಸಾಗುತ್ತಿರುತ್ತದೆ. ಅಲ್ಲಿಂದ ಒಂದು ಸೆಕೆಂಡಿನಲ್ಲಿ ಕೆಳಕ್ಕೆ 10 + 5 = 15 ಮೀಟರ್ ಇಳಿಯುತ್ತದೆ, ಮುಂದಕ್ಕೆ 17.3 ಮೀಟರ್ ಹೋಗುತ್ತದೆ. ಕೂಡಿಸಿ ನೋಡಿ, 52 ಹತ್ತಿರವೇ ಬರುತ್ತದೆ. ಹಾಗಾಗಿ «30 ಡಿಗ್ರಿ ಕೆಳಮುಖವಾಗಿ ಎಸೆದರೆ?» ಎಂಬ ಮುಂದಿನ ಪ್ರಶ್ನೆಗೆ ಪೆನ್ನು ಎತ್ತುವ ಅಗತ್ಯವೇ ಇಲ್ಲ: ಒಂದು ಸೆಕೆಂಡ್, 17.3 ಮೀಟರ್.

ಇನ್ನೊಬ್ಬ ವಿದ್ಯಾರ್ಥಿನಿ, ಮಲ್ಲೇಶ್ವರ

ನಾನೂ ಇದೇ ಲೆಕ್ಕ ಮಾಡುತ್ತಿದ್ದೇನೆ. ವಿಧಾನ ಇದೇ, ಆದರೆ ಲಂಬ ಘಟಕ −19.8 ಬರುತ್ತಿದೆ. ಮೇಲಕ್ಕೆ ಎಸೆದದ್ದು ಋಣವಾಗುವುದು ಹೇಗೆ?

ಉತ್ತರ: ಸಾಫ್ಟ್‌ವೇರ್ ಎಂಜಿನಿಯರ್, ಮಾರತ್ತಹಳ್ಳಿ

ನಿಮ್ಮ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆ. 30 ರೇಡಿಯನ್‌ನ ಸೈನ್ −0.988, ಇಪ್ಪತ್ತರಿಂದ ಗುಣಿಸಿದರೆ ನಿಮ್ಮ −19.8. ಡಿಗ್ರಿಗೆ ಬದಲಿಸಿ, ಸೈನ್ 30 ಒತ್ತಿ 0.5 ಬಂದ ಮೇಲೆ ಮುಂದುವರಿಯಿರಿ. ಸಿಇಟಿಯಲ್ಲಿ ಹೇಗೂ ಕ್ಯಾಲ್ಕುಲೇಟರ್ ಇಲ್ಲ. 30, 45, 60ರ ಬೆಲೆಗಳು ಬಾಯಿಪಾಠವಾಗಿರಲಿ.

ಮೂಲ ಪ್ರಶ್ನೆ ಕೇಳಿದವರಿಗೆ ಒಂದು ಕೀಟಲೆಯ ಪ್ರಶ್ನೆ: ಇದೇ ತಾರಸಿಯಿಂದ, ಇದೇ ವೇಗದಲ್ಲಿ 45 ಡಿಗ್ರಿಗೆ ಎಸೆದರೆ ಚೆಂಡು ಇನ್ನೂ ದೂರ ಹೋಗುತ್ತದೆಯೇ?

ಅದೇ ವಿದ್ಯಾರ್ಥಿ, ವಿಜಯನಗರ

ಸರ್, ಹೋಗಲೇಬೇಕು ಎಂದುಕೊಂಡು ಲೆಕ್ಕ ಹಾಕಿದೆ. ಎರಡೂ ಘಟಕ 14.14, ಕಾಲ 3.65 ಸೆಕೆಂಡ್, ದೂರ 51.6. 30 ಡಿಗ್ರಿಗಿಂತ ಕಡಿಮೆ! 45ಕ್ಕೇ ಗರಿಷ್ಠ ಎಂದು ಓದಿದ್ದೆವಲ್ಲ?

ಉತ್ತರ: ಸಾಫ್ಟ್‌ವೇರ್ ಎಂಜಿನಿಯರ್

ಅದಕ್ಕೂ ಅದೇ ಷರತ್ತು: ಹೊರಟ ಮಟ್ಟವೂ ಬಿದ್ದ ಮಟ್ಟವೂ ಒಂದೇ ಇರಬೇಕು. ಎತ್ತರದಿಂದ ಎಸೆಯುವಾಗ ಬೀಳುವ ಕಾಲ ಹೇಗೂ ಹೆಚ್ಚುವರಿಯಾಗಿ ಸಿಗುತ್ತದೆ. ಅದನ್ನು ದೂರಕ್ಕೆ ಬಳಸಿಕೊಳ್ಳಲು ಅಡ್ಡ ವೇಗ ಹೆಚ್ಚಿರಬೇಕು, ಕೋನ ತಗ್ಗಬೇಕು. ನಿಮ್ಮ ಲೆಕ್ಕದಲ್ಲಿ ಗರಿಷ್ಠ ದೂರ ಸುಮಾರು 37 ಡಿಗ್ರಿಗೆ, 52.9 ಮೀಟರ್. ಗಾಳಿಯ ತಡೆಯನ್ನು ಬಿಟ್ಟು ಹೇಳುತ್ತಿದ್ದೇನೆ.

ಉತ್ತರ: ಉಪನ್ಯಾಸಕಿ

ಒಂದು ಸೇರ್ಪಡೆ. ಗುರುತ್ವ ವೇಗೋತ್ಕರ್ಷ ಬೆಂಗಳೂರಿನಲ್ಲಿ ಸುಮಾರು 9.78. ಪುಸ್ತಕದ 9.8 ಹಾಕಿದರೆ ಈ ಲೆಕ್ಕದ ಉತ್ತರ 52.8 ಆಗುತ್ತದೆ. ಪ್ರಶ್ನೆಪತ್ರಿಕೆ 10 ಎಂದು ಕೊಟ್ಟಿದ್ದರೆ 10ನ್ನೇ ಹಾಕಿ, ವರ್ಗ ಸಮೀಕರಣ ಸಲೀಸಾಗಿ ಒಡೆಯಲೆಂದೇ ಹಾಗೆ ಕೊಟ್ಟಿರುತ್ತಾರೆ. ಉತ್ತರವನ್ನು ತಾಳೆ ನೋಡಬೇಕಿದ್ದರೆ ಶಕ್ತಿ ಸಂರಕ್ಷಣೆ ಹಾಕಿ, ನೆಲ ಮುಟ್ಟುವಾಗಿನ ವೇಗದ ವರ್ಗ ಸಿಗುತ್ತದೆ: 400 + 2 × 10 × 15 = 700. ನೆಲ ಮುಟ್ಟುವಾಗಿನ ಘಟಕಗಳ ವರ್ಗಗಳು 300 ಮತ್ತು 400. ಎರಡೂ ಹೊಂದುತ್ತವೆ.